ಬೂಷ್ಟಿನ ಸಿರಪ್ಪಿನಲ್ಲಿ ಉಳಿದ ಗ್ಲೂಕೋಸ್

ಕೊಚ್ಚಿಯ ಕಂಪನಿಯೊಂದರವರು ಬೂಷ್ಟಿನ ಕಿಣ್ವ ಬಳಸಿ ಸಕ್ಕರೆಯಿಂದ ಸಿರಪ್ ಮಾಡಿ, ಗ್ಲೂಕೋಸನ್ನು ಅದರಲ್ಲಿ ಹಾಗೇ ಬಿಟ್ಟು, ಸಕ್ಕರೆ ಕಾಯಿಲೆಯವರಿಗೆಂದು ಮಾರಿದರು. ತಿರುವನಂತಪುರದಲ್ಲಿರುವ ನನ್ನ ಅಕ್ಕ ಅದನ್ನು ನಂಬಿ ದಿನವೂ ಚಹಾಕ್ಕೆ ಹಾಕಿಕೊಂಡಳು. ಅವಳ ಶುಗರ್ ಏರುತ್ತಲೇ ಹೋಯಿತು. ನಾನು ಬಾಟಲಿ ಹಿಡಿದು ಕೊಚ್ಚಿಗೆ ಹೋಗಿ, ಕಾಕ್ಕನಾಡಿನಲ್ಲಿರುವ ಆ ಕಂಪನಿಯ ಮ್ಯಾನೇಜರ್ ಎದುರಿಗೇ ಕುಳಿತೆ.

“ಚೇಟ್ಟಾ, ಬೂಷ್ಟಿನ ಕಿಣ್ವ ಸಕ್ಕರೆಯನ್ನು ನಾರು ಮಾಡುತ್ತೆ. ಹೊಟ್ಟೆಗೆ ಒಳ್ಳೇದು,” ಎಂದ ಮ್ಯಾನೇಜರ್, ನನ್ನನ್ನು ಮಲಯಾಳಂನಲ್ಲಿ ಅಣ್ಣಾ ಎಂದು ಕರೆಯುತ್ತಾ.

“ಕಿಣ್ವ ಸಕ್ಕರೆಯನ್ನು ಒಡೆದು ಫ್ರಕ್ಟೋಸನ್ನಷ್ಟೇ ನಾರಿನ ಸರಪಣಿಗೆ ಪೋಣಿಸುತ್ತೆ. ಬಿಡಿಯಾಗಿ ಉಳಿದ ಗ್ಲೂಕೋಸ್ ಎಲ್ಲಿ ಹೋಯ್ತು?”

“ಅದನ್ನು ತೆಗೆಯೋಕೆ ಖರ್ಚು ಜಾಸ್ತಿ. ಅದು ಇದ್ದರೇ ಸಿರಪ್ ಸಿಹಿ ಅಲ್ವಾ?”

“ಹಾಗಾದ್ರೆ ನಿಮ್ಮಮ್ಮನಿಗೂ ಕೊಡ್ತೀರಾ?”

“ಅಯ್ಯೋ, ಅಮ್ಮನಿಗೆ ಶುಗರ್ ಇದೆ!”

ಈ ಮಾತನ್ನೇ ಬರೆದು ಆಹಾರ ಸುರಕ್ಷತಾ ಕಚೇರಿಗೆ ದೂರು ಕೊಟ್ಟಿದ್ದೇನೆ. ಕಂಪನಿಯ ವಿರುದ್ಧ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಗುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಇಂಥ ಸಿರಪ್ ಇದ್ದರೆ, ಗ್ಲೂಕೋಸ್ ಎಷ್ಟು ಉಳಿದಿದೆ ಎಂದು ತಯಾರಿಸಿದವರನ್ನು ಇವತ್ತೇ ಕೇಳಿ. ಉತ್ತರ ಬರುವವರೆಗೆ ಒಂದು ಹನಿಯನ್ನೂ ಬಳಸಬೇಡಿ.