ಆರ್ ಎಂದು ಬರೆದ ಚಂದ್ರಮ್ಮ

ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಕುರಿಮರಿಯ ಕಿವಿ ಬುದ್ಧಿ ಕಲಿಸಬಹುದೇ? ಕಲಿಸಿತು. ಹೋದ ಮಂಗಳವಾರ, ಹೊಸದುರ್ಗದ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ.

ನಡೆದದ್ದನ್ನು ಇದ್ದ ಹಾಗೇ ಹೇಳುತ್ತೇನೆ. ಬೆಂಗಳೂರಿನ ಲ್ಯಾಬೊರೇಟರಿಯಲ್ಲಿರುವ ಗೆಳೆಯ, ಒಬ್ಬ ವಿದ್ಯಾರ್ಥಿಯನ್ನು ಎರಡು ತಿಂಗಳ ಟ್ರೈನಿಂಗಿಗೆ ಕಳಿಸು ಎಂದಿದ್ದ. ಪರೀಕ್ಷೆಗೆಂದು ಒಂದು ಫಿಲ್ಮನ್ನೂ ಕಳಿಸಿದ್ದ. ಅದರ ತುಂಬ, ಅಕ್ಷರಕ್ಕೊಂದರಂತೆ ನಾಲ್ಕು ಸಾಲುಗಳಲ್ಲಿ, ಕಪ್ಪು ಗೆರೆಗಳು. ಒಂದೊಂದು ಗೆರೆಯನ್ನೂ ಅದಿರುವ ಸಾಲು ನೋಡಿ ಡಿಎನ್‌ಎಯ ಒಂದು ಅಕ್ಷರವಾಗಿ ಓದಬೇಕು: ಎ, ಜಿ, ಸಿ ಅಥವಾ ಟಿ. ಎ ಇರಬಹುದು, ಜಿ ಇರಬಹುದು, ಯಾವುದೆಂದು ತಿಳಿಯದು ಎನ್ನುವ ಕಡೆ ‘ಆರ್’ ಎಂದು ಬರೆಯುವುದು ರೂಢಿ. (ಕ್ಲಾಸಿನಲ್ಲಿ ಇದನ್ನು ಹೇಳಿಕೊಟ್ಟವನು ನಾನೇ!)

ಪರೀಕ್ಷೆ ಬರೆದ ವಿದ್ಯಾರ್ಥಿಗಳಲ್ಲಿ ಮಂಜುನಾಥ ಎಲ್ಲ ಗೆರೆಗೂ ಖಚಿತ ಅಕ್ಷರ ಬರೆದ. ಮತ್ತೋಡಿನ ಕುರಿ ಸಾಕುವವರ ಮನೆಯ ಚಂದ್ರಮ್ಮ ಒಂದು ಕಡೆ ಆರ್ ಎಂದಳು. ನನ್ನ ಉತ್ತರದ ಹಾಳೆಯಲ್ಲಿ ಅಲ್ಲಿ ಎ ಇತ್ತು. ತಪ್ಪು ಹಾಕಿದೆ. ಒಂದೇ ಅಂಕದಲ್ಲಿ ಬೆಂಗಳೂರು ಅವಳಿಗೆ ತಪ್ಪಿ ಮಂಜುನಾಥನ ಪಾಲಾಯಿತು.

ಪೇಪರ್ ಹಿಡಿದು ಬಂದಳು. ಗೊತ್ತಿಲ್ಲವೆಂದು ಬರೆದರೆ ಅಂಕ ಹೇಗೆ ಕೊಡಲಿ ಎಂದೆ.

“ಗೊತ್ತಿಲ್ಲ ಅಂತ ಬರ್ದಿಲ್ಲ ಸಾರ್. ಸಿ ಅಲ್ಲ, ಟಿ ಅಲ್ಲ ಅನ್ನಾದು ಗೊತ್ತೈತೆ. ಅಷ್ಟೇ ಬರ್ದೀನಿ.”

ಆಮೇಲೆ ಮನೆಯ ಮಂದೆಯ ಸಂಗತಿ ಹೇಳಿದಳು. ಅವರಲ್ಲಿ ಎರಡು ಟಗರು. ದೊಡ್ಡದರ ಮರಿಗೆ ಬಲಗಿವಿಯ ಅಂಚು ಕತ್ತರಿಸುತ್ತಾರೆ, ಚಿಕ್ಕದರ ಮರಿಗೆ ಎಡಗಿವಿ. ಯಾವುದರ ಮರಿಯೆಂದು ತಿಳಿಯದಿದ್ದರೆ ಅವಳಪ್ಪ ಎರಡೂ ಕಿವಿ ಕತ್ತರಿಸುತ್ತಾನಂತೆ.

“ಒಂದೇ ಕಿವಿ ಕತ್ತರಿಸಿ ತಪ್ಪಾದ್ರೆ, ದೊಡ್ಡದಾದ್ಮೇಲೆ ಅದನ್ನ ಅದರಪ್ಪನ ಜೊತೇಲೇ ಬಿಟ್ಟಂಗಾಯ್ತದೆ ಸಾರ್. ಎರಡೂ ಕತ್ತರಿಸಿದ್ರೆ ಎರಡ್ರಿಂದಲೂ ದೂರ ಇಡ್ತೀವಿ.”

ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಲೆನ್ಸ್ ಇಟ್ಟು ನೋಡಿದೆ. ಆ ಗೆರೆ ಎ ಸಾಲಿನಲ್ಲಿತ್ತು. ಜಿ ಸಾಲಿನಲ್ಲೂ ಇತ್ತು, ಅಷ್ಟೇ ಮಸುಕಾಗಿ. ಎ ಎಂದು ನಾನು ಓದಿರಲಿಲ್ಲ, ಊಹಿಸಿದ್ದೆ!

ಮಂಜುನಾಥನನ್ನು ಕರೆಸಿದೆ. ನೀನು ಇಲ್ಲಿ ಎ ಹೇಗೆ ಕಂಡೆಯಪ್ಪ ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡು ನಕ್ಕ.

“ಎಲ್ಲಿ ಕಂಡೆ ಸಾರ್, ಅಂದಾಜಿಗೆ ಹಾಕ್ದೆ. ನಿಮ್ಮ ಅಂದಾಜಿಗೆ ಸರಿಹೋತು. ಅವಳೇ ಹೋಗ್ಲಿ ಬಿಡ್ರಿ.”

ಚಂದ್ರಮ್ಮನಿಗೂ ನಗು ತಡೆಯಲಾಗಲಿಲ್ಲ. ನನಗೂ. ಸೋಮವಾರ ಬೆಳಗಿನ ಬಸ್ಸಿಗೆ ಅವಳು ಬೆಂಗಳೂರಿಗೆ ಹೊರಟಿದ್ದಾಳೆ.

ನಮ್ಮ ಊಹೆಗೆ ಹೊಂದಿದ ಊಹೆಗೆ ಪೂರ್ತಿ ಅಂಕ, ಕಂಡಷ್ಟನ್ನೇ ಬರೆದವರಿಗೆ ಸೊನ್ನೆ: ನಾವು ಮೇಷ್ಟ್ರುಗಳು ಇಷ್ಟು ವರ್ಷ ಕಲಿಸುತ್ತಿರುವುದಾದರೂ ಏನನ್ನು?