ಕಾಗೆ ಕಣಿವೆಯವರ ಅಡ್ಡಹೆಸರು

ನನಗೆ ಸಿಟ್ಟು ಬಂದರೆ ಮೊದಲು ಕೈಕೊಡುವುದು ನನ್ನ ಜರ್ಮನ್. ಹನ್ನೊಂದು ವರ್ಷದಿಂದ ಈ ದೇಶದಲ್ಲಿದ್ದೇನೆ. ರೇಗನ್ಸ್‌ಬರ್ಗಿನ ಆಫೀಸಿನಲ್ಲಿ ಬ್ರೇಕಿನ ಸೆನ್ಸರುಗಳ ಬಗ್ಗೆ ಗಂಟೆಗಟ್ಟಲೆ ಜರ್ಮನ್‌ನಲ್ಲೇ ವಾದ ಮಾಡುತ್ತೇನೆ. ಆದರೆ ಸಿಟ್ಟು ನೆತ್ತಿಗೇರಿತೋ, ಎದುರಿಗಿರುವ ವಸ್ತು ಗಂಡೋ ಹೆಣ್ಣೋ ನಪುಂಸಕವೋ, ಅದಕ್ಕೆ ‘ಡೆರ್’ ಹಚ್ಚಬೇಕೋ ‘ಡಾಸ್’ ಹಚ್ಚಬೇಕೋ ಎಂದು ಯೋಚಿಸುವಷ್ಟರಲ್ಲಿ ಸಿಟ್ಟೇ ಆರಿಹೋಗಿರುತ್ತದೆ. ಈ ದೇಶ ಇಷ್ಟು ಶಾಂತವಾಗಿರುವುದಕ್ಕೆ ಇದೇ ಕಾರಣವಿರಬಹುದೆಂದು ನನ್ನ ಗುಮಾನಿ. ಆದರೆ ಕಳೆದ ವರ್ಷ ಒಂದು ಸಿಟ್ಟು ಬಂತು ನೋಡಿ, ಅದು ಎಂಟು ತಿಂಗಳು ಆರಲಿಲ್ಲ. ಅದೂ ನನ್ನದಲ್ಲದ ಒಂದು ಹೆಸರಿಗಾಗಿ.

ನನ್ನ ಹೆಸರಿನ ಪಾಡನ್ನೂ ಹೇಳಿಬಿಡುತ್ತೇನೆ. ನಾನು ಗದಗಿನ ನಸೀಮಾ ಅತ್ತಾರ. ಅತ್ತಾರರೆಂದರೆ ಅತ್ತರು ಮಾರುವವರು. ಮೂರು ತಲೆಮಾರಿನಿಂದ ನಮ್ಮ ಮನೆಯಲ್ಲಿ ಯಾರೂ ಅತ್ತರು ಮಾರಿಲ್ಲ. ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು, ಅವರ ಮೈಯಿಂದ ಬರುತ್ತಿದ್ದದ್ದು ಚಾಕ್‌ಪೀಸಿನ ವಾಸನೆ ಮಾತ್ರ. ಪಾಸ್‌ಪೋರ್ಟು ಮಾಡಿಸುವಾಗ ಏಜೆಂಟನೊಬ್ಬ ‘ನಸೀಮಾಬೇಗಂ ಫಕ್ರುಸಾಬ ಅತ್ತಾರ’ ಎಂಬ ಇಡೀ ರೈಲನ್ನು ಒಂದೇ ಖಾನೆಯಲ್ಲಿ ತುಂಬಿ, ಮನೆತನದ ಹೆಸರಿನ ಖಾನೆಯನ್ನು ಖಾಲಿ ಬಿಟ್ಟ. ಖಾಲಿ ಖಾನೆ ಕಂಡರೆ ಜರ್ಮನರಿಗೆ ನಿದ್ದೆ ಹತ್ತುವುದಿಲ್ಲ. ಹಾಗಾಗಿ ನನ್ನ ಆರೋಗ್ಯ ವಿಮೆಯವರು ವರ್ಷಗಟ್ಟಲೆ ‘ಮಾನ್ಯ ಫ್ರಾವ್ ಫಕ್ರುಸಾಬ’ ಎಂದು ಕಾಗದ ಬರೆದರು. ಫ್ರಾವ್ ಎಂದರೆ ಶ್ರೀಮತಿ. ಫಕ್ರುಸಾಬ ನನ್ನ ಅಪ್ಪ. ಅವರು ಬಾಳಿನಲ್ಲಿ ಏನೇನೋ ಆಗಿದ್ದರು, ಶ್ರೀಮತಿ ಮಾತ್ರ ಆಗಿರಲಿಲ್ಲ. ನಾನು ನಕ್ಕು ಸುಮ್ಮನಾದೆ. ನಮ್ಮದಕ್ಕೆ ನಾವು ನಗುತ್ತೇವೆ. ಬೇರೆಯವರದಕ್ಕೆ ಸಿಟ್ಟಾಗುವುದೇ ಸುಲಭ.

ನಮ್ಮ ಕೆಳಗಿನ ಮನೆಯಲ್ಲಿ ಎಂಬತ್ತಮೂರು ವರ್ಷದ ಫ್ರಾವ್ ಹಿಂಟರ್‌ಹೂಬರ್ ಇದ್ದಾರೆ. ಹೆಸರು ಕೇಳಿದರೆ ಹಸು ಕಟ್ಟಿಕೊಂಡ ಬವೇರಿಯದ ರೈತ ಹೆಂಗಸು ಕಣ್ಣ ಮುಂದೆ ಬರುತ್ತಾಳೆ. ಬಾಗಿಲು ತೆಗೆದರೆ ಕಪ್ಪು ಕಣ್ಣು, ಗಿಡ್ಡ ಮೈ, ಕೈ ಬೀಸಿ ಮಾತಾಡುವ ಸ್ಪೇನಿನ ಮುದುಕಿ. ಸ್ವಂತ ಹೆಸರು ರೆಮೇದಿಯೋಸ್. ಇಪ್ಪತ್ತೆರಡನೆಯ ವಯಸ್ಸಿಗೆ ರೈಲು ಹತ್ತಿ ಕೂಲಿಗೆ ಇಲ್ಲಿಗೆ ಬಂದರು, ರೇಡಿಯೋ ಕಾರ್ಖಾನೆಯಲ್ಲಿ ತಂತಿ ಬೆಸೆದರು, ಅಲ್ಲಿನ ಮೇಸ್ತ್ರಿ ಅಲೋಯಿಸ್ ಹಿಂಟರ್‌ಹೂಬರನನ್ನು ಮದುವೆಯಾಗಿ ಐವತ್ತಾರು ವರ್ಷ ಸಂಸಾರ ಮಾಡಿದರು. ಮಕ್ಕಳಾಗಲಿಲ್ಲ. ಅಲೋಯಿಸ್ ತೀರಿಕೊಂಡು ಎರಡು ವರ್ಷ.

ಕಳೆದ ಸೆಪ್ಟೆಂಬರಿನಲ್ಲಿ ಒಂದು ಸಂಜೆ ಅವರು ಮೆಟ್ಟಿಲು ಹತ್ತಿ ಬಂದು ನನ್ನ ಕೈಗೊಂದು ಹಾಳೆ ಕೊಟ್ಟರು. ಅಲೋಯಿಸರ ಸಮಾಧಿಗೆ ಹೊಸ ಕಲ್ಲು ಕೂರಿಸಲು ಹೇಳಿದ್ದರಂತೆ. ಕಲ್ಲುಕುಟಿಗ ನಕ್ಷೆ ಕಳಿಸಿದ್ದ. ಮೇಲೆ ಗಂಡನ ಹೆಸರು, ಕೆಳಗೆ ಇವರದು, ಸಾವಿನ ತಾರೀಕಿನ ಜಾಗ ಮಾತ್ರ ಖಾಲಿ. ಅದು ಇಲ್ಲಿಯ ವಾಡಿಕೆ. ಗಂಡಹೆಂಡಿರು ಸಿನಿಮಾಕ್ಕೆ ಮುಂಗಡ ಸೀಟು ಹಿಡಿದಹಾಗೆ ಸಮಾಧಿ ಹಿಡಿದಿರುತ್ತಾರೆ. ನಾನು ಆ ಖಾಲಿ ಜಾಗ ನೋಡಿ ಮುದುಕಿಗೆ ದುಃಖವಾಗಿದೆ ಎಂದುಕೊಂಡೆ.

“ಸಾಯೋದು ಇರಲಿ ನಸೀಮಾ. ರೆಮೇದಿಯೋಸ್ ಹಿಂಟರ್‌ಹೂಬರ್ ಅಂತ ಬರೆದಿದ್ದಾನಲ್ಲ, ಯಾರು ಈ ಹೆಂಗಸು?” ಅಂದರು.

“ನೀವೇ ಅಲ್ಲವೇ?”

“ಬಾಗಿಲ ಗಂಟೆ ಮೇಲೆ ನಾನೇ. ಕಲ್ಲಿನ ಮೇಲೆ ಅಲ್ಲ.”

ಆಮೇಲೆ ನನ್ನ ಅಡಿಗೆಮನೆಯಲ್ಲಿ ಕೂತು, ನಾನು ಮಾಡಿ ಹದಿನೈದು ನಿಮಿಷವೂ ಆಗಿರದ ಚಹಾವನ್ನು ಎರಡನೇ ಸಲ ಬಿಸಿ ಮಾಡಿಸಿಕೊಂಡು, ತಮ್ಮ ಹೆಸರು ಹೇಳಿದರು: ರೆಮೇದಿಯೋಸ್ ಬಾಲ್ದೆಗ್ರಾಖೋಸ್ ಸಾನ್ಸ್.

ಸ್ಪೇನಿನಲ್ಲಿ ಪ್ರತಿಯೊಬ್ಬರಿಗೂ ಎರಡು ಮನೆತನದ ಹೆಸರು. ಮೊದಲು ಅಪ್ಪನದು, ನಂತರ ಅಮ್ಮನದು. ಮದುವೆಯಾದರೂ ಹೆಣ್ಣು ತನ್ನ ಹೆಸರು ಬಿಡುವುದಿಲ್ಲ. ಸಾನ್ಸ್ ಅವರ ತಾಯಿಯ ಕಡೆಯದು, ನಮ್ಮಲ್ಲಿ ಪಾಟೀಲರಿದ್ದಂತೆ ಆ ದೇಶದಲ್ಲಿ ಬೇಕಾದಷ್ಟು ಮಂದಿಗಿದೆ. ಬಾಲ್ದೆಗ್ರಾಖೋಸ್ ಮಾತ್ರ ಅಪರೂಪದ್ದು. ಅದರರ್ಥ ಕಾಗೆಗಳ ಕಣಿವೆ. ಮುತ್ತಜ್ಜ ಇದ್ದಿಲು ಸುಡುವವ. ಹನ್ನೊಂದು ಮನೆಗಳ ಆ ಕಣಿವೆಯ ಊರನ್ನು ಬಿಟ್ಟು ಬೆಟ್ಟದಾಚೆಯ ಹಳ್ಳಿಗೆ ಬಂದಾಗ ಜನ ಅವನನ್ನು ಕಾಗೆ ಕಣಿವೆಯವ ಎಂದರು, ಪಾದ್ರಿ ಹಾಗೆಯೇ ಪುಸ್ತಕದಲ್ಲಿ ಬರೆದುಕೊಂಡ.

ಇದು ನನಗೆ ಬಹಳ ಹಿಡಿಸಿತು. ನಮ್ಮ ಸೀಮೆಯಲ್ಲೂ ಊರಿನ ಹೆಸರುಗಳು ಹೀಗೇ ಅಡ್ಡಹೆಸರಾಗಿವೆ. ಸವಣೂರಿನಲ್ಲೇ ಕೂತವನನ್ನು ಯಾರೂ ಸವಣೂರ ಎಂದು ಕರೆಯುವುದಿಲ್ಲ. ಅಲ್ಲಿ ಎಲ್ಲರೂ ಸವಣೂರಿನವರೇ. ಅವನು ಗಂಟುಮೂಟೆ ಕಟ್ಟಿ ಹುಬ್ಬಳ್ಳಿಗೆ ಬಂದ ದಿನ ಸವಣೂರ ಆಗುತ್ತಾನೆ. ಊರಿನ ಹೆಸರು ಮನುಷ್ಯನಿಗೆ ಅಂಟುವುದು ಊರು ಬಿಟ್ಟ ಮೇಲೆ. ಅಂದಮೇಲೆ ಅಂಥ ಹೆಸರನ್ನು ಕಿತ್ತುಕೊಂಡರೆ ಹೋಗುವುದು ಬರೀ ಹೆಸರಲ್ಲ, ಅವನು ಎಲ್ಲಿಂದ ಬಂದ ಎಂಬ ರುಜುವಾತು.

ಆ ವಾರವೇ ಆ ಹೆಸರನ್ನು ಕಂಪ್ಯೂಟರಿನಲ್ಲಿ ಹುಡುಕಿದೆವು. ಮೊದಲು ಸಿಕ್ಕಿದ್ದು ಅಡ್ಡಹೆಸರುಗಳ ಮೂಲ ಹೇಳುವ ಒಂದು ವ್ಯಾಪಾರಿ ತಾಣ. ಬಾಲ್ದೆಗ್ರಾಖೋಸ್ ಪುರಾತನ ವೀರ ಮನೆತನವೆಂದೂ, ಮೂಲಪುರುಷ ಕುದುರೆಯೇರಿ ಕಾದಿದ ಸರದಾರನೆಂದೂ ಅದು ಸಾರಿ, ಎರಡು ಕಾಗೆ ಒಂದು ಕತ್ತಿ ಇರುವ ಲಾಂಛನವನ್ನು ಕಾಫಿ ಕಪ್ಪಿನ ಮೇಲೆ ಅಚ್ಚು ಹಾಕಿಸಿ ಕೊಡುವುದಾಗಿ ಹೇಳಿತು. ರೆಮೇದಿಯೋಸ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. “ನಮ್ಮ ಮುತ್ತಜ್ಜ ಏರಿದ್ದು ಒಂದೇ ಸಲ. ಅದು ಕತ್ತೆ. ಅದೂ ನೆರೆಮನೆಯದು.”

ನಗು ನಿಂತದ್ದು ಎರಡನೆಯ ತಾಣದಲ್ಲಿ. ಅದು ಆ ದೇಶದ ಅಡ್ಡಹೆಸರುಗಳ ಲೆಕ್ಕ. ಹೆಸರು ಬರೆದರೆ ಯಾವ ಜಿಲ್ಲೆಯಲ್ಲಿ ಎಷ್ಟು ಮಂದಿ ಎಂದು ನಕ್ಷೆಗೆ ಬಣ್ಣ ತುಂಬಿ ತೋರಿಸುತ್ತದೆ. ಸಾನ್ಸ್ ಎಂದು ಬರೆದೆವು, ನಕ್ಷೆ ಕೆಂಪಾಯಿತು. ಬಾಲ್ದೆಗ್ರಾಖೋಸ್ ಎಂದು ಬರೆದೆವು, ಇಡೀ ದೇಶ ಬೆಳ್ಳಗೇ ಉಳಿಯಿತು. ಕೆಳಗೊಂದು ಸಾಲು: ಈ ಹೆಸರಿನವರು ಇಲ್ಲ, ಅಥವಾ ತೀರಾ ಕಡಿಮೆ ಇರುವುದರಿಂದ ಅವರ ಖಾಸಗಿತನ ಕಾಪಾಡಲು ಸಂಖ್ಯೆ ತೋರಿಸುವುದಿಲ್ಲ.

ಇದೆಂಥ ಕಾಪಾಡುವಿಕೆ! ಲಕ್ಷಗಟ್ಟಲೆ ಇದ್ದವರನ್ನು ಬಣ್ಣ ಹಚ್ಚಿ ಮೆರೆಸುತ್ತಾರೆ, ನಾಲ್ಕು ಮಂದಿ ಉಳಿದವರನ್ನು ಅವರ ಒಳ್ಳೆಯದಕ್ಕೇ ಅಳಿಸಿಬಿಡುತ್ತಾರೆ. ನಾನು ಗುಡುಗುತ್ತಿದ್ದರೆ ರೆಮೇದಿಯೋಸ್ ಬೆರಳು ಮಡಚಿ ಎಣಿಸುತ್ತಿದ್ದರು. ತೀರಿಹೋದ ಅಣ್ಣನಿಗೆ ಇಬ್ಬರು ಹೆಣ್ಣುಮಕ್ಕಳು, ಅವರಿಬ್ಬರು. ಅವರಲ್ಲೊಬ್ಬಳ ಮಗನಿಗೆ ಇದು ಎರಡನೆಯ ಹೆಸರು. ಅವನ ಮಕ್ಕಳಿಗೆ ಅದೂ ಇಲ್ಲ. “ಎರಡೂವರೆ,” ಅಂದರು. ಆಮೇಲೆ ಬೆರಳು ಬಿಡಿಸಿ, “ನಾನು ಎಣಿಕೆಗೇ ಇಲ್ಲ. ನಾನು ಹಿಂಟರ್‌ಹೂಬರ್.”

ಗಂಡನನ್ನು ಕಳಕೊಂಡವರು ಬಯಸಿದರೆ ಹುಟ್ಟುಹೆಸರಿಗೆ ಮರಳಬಹುದು ಎಂದು ಇಲ್ಲಿಯ ಕಾನೂನೇ ಹೇಳುತ್ತದೆ. ನಾನು ಅರ್ಧ ದಿನ ರಜೆ ಹಾಕಿ ಅವರನ್ನು ಸ್ಟಾಂಡೆಸಾಮ್ಟ್‌ಗೆ, ಅಂದರೆ ಹುಟ್ಟು, ಮದುವೆ, ಸಾವು ಬರೆದಿಡುವ ಕಚೇರಿಗೆ ಕರೆದೊಯ್ದೆ. ಮೇಜಿನ ಹಿಂದೆ ಮೂವತ್ತರ ಆಸುಪಾಸಿನ ನಯವಾದ ಯುವಕ. ಅವನು ಒರಟನಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

“ಖಂಡಿತ ಮರಳಬಹುದು,” ಎಂದು ಅವನು ಹಳೆಯ ಮದುವೆ ದಾಖಲೆ ತೆರೆದು ನೋಡಿದ. “ನಿಮ್ಮ ಹುಟ್ಟುಹೆಸರು ಸಾನ್ಸ್. ಇವತ್ತೇ ಆಗುತ್ತದೆ.”

ಆಗಿದ್ದಿಷ್ಟು. ಮದುವೆಯ ದಿನ ಆಗಿನ ಅಧಿಕಾರಿ ಎರಡು ಮನೆತನದ ಹೆಸರು ನೋಡಿ, ಇಲ್ಲಿ ಒಂದೇ ಸಾಕು ಎಂದು, ಜರ್ಮನರ ರೂಢಿಯಂತೆ ಕೊನೆಯದನ್ನೇ ಮನೆತನದ್ದೆಂದು ಹಿಡಿದು ಸಾನ್ಸ್ ಎಂದು ಬರೆದ. ನಡುವಿನ ಬಾಲ್ದೆಗ್ರಾಖೋಸ್ ಉದ್ದವಾಯಿತೆಂದು ಬಿಟ್ಟೇಬಿಟ್ಟ. ರೆಮೇದಿಯೋಸ್‌ಗೆ ಆಗ ಮೂವತ್ತು ಜರ್ಮನ್ ಶಬ್ದ ಬರುತ್ತಿದ್ದವು. “ಅವನು ಏನೋ ಕೇಳಿದ, ನಾನು ‘ಯಾ’, ಹೌದು, ಅಂದೆ,” ಎಂದು ಅವರು ನನ್ನ ಕಿವಿಯಲ್ಲಿ ಹೇಳಿದರು. “ಅಲೋಯಿಸನಿಗೆ ಹೇಳಿದ ‘ಯಾ’ ಅಂದುಕೊಂಡಿದ್ದೆ.”

ಯುವಕ ಸಮಾಧಾನ ಹೇಳಿದ. “ಸಾನ್ಸ್ ನಿಮ್ಮ ತಾಯಿಯ ಹೆಸರಲ್ಲವೇ? ಅದೂ ಒಳ್ಳೆಯ ಹೆಸರೇ. ಬರೆಯುವುದಕ್ಕೂ ಸುಲಭ.”

ಬರೆಯುವುದಕ್ಕೆ ಸುಲಭ! ನನ್ನ ಜರ್ಮನ್ ಅಲ್ಲಿಗೆ ಕೈಕೊಟ್ಟಿತು. ಆದರೆ ಸಿಟ್ಟು ಈ ಸಲ ಕಾಯಲಿಲ್ಲ, ಗದಗಿನ ದಾರಿ ಹಿಡಿದು ಹೊರಗೆ ಬಂತು. “ಬರಿಯಾಕ ಸಸಾರ ಐತಿ ಅಂತ ಮಂದಿ ಹೆಸರು ಬದಲಿ ಮಾಡತೀರೇನ್ರೀ? ಆ ಮುದುಕಿ ಅಪ್ಪಗ ಹುಟ್ಟೇ ಇಲ್ಲೇನು?”

ಪಕ್ಕದ ಮೇಜಿನ ಹೆಂಗಸು ಸ್ಟೇಪ್ಲರ್ ಕೆಳಗಿಟ್ಟಳು. ಯುವಕ ನನ್ನನ್ನು ನೋಡಿ, ರೆಮೇದಿಯೋಸ್‌ರನ್ನು ನೋಡಿ, ಮೆಲ್ಲಗೆ ಕೇಳಿದ: “ಇದು ಸ್ಪ್ಯಾನಿಷ್ ಭಾಷೆಯೇ?”

“ಅಲ್ಲ,” ಎಂದರು ರೆಮೇದಿಯೋಸ್. “ಆದರೆ ಅವಳು ಸರಿಯಾಗಿಯೇ ಹೇಳಿದಳು.”

ಅವನು ಕೆಟ್ಟವನಲ್ಲ. ಬೇಕಾದ ಕಾಗದಗಳ ಪಟ್ಟಿ ಬರೆದುಕೊಟ್ಟ. ಸ್ಪೇನಿನಿಂದ ಜನನಪತ್ರ, ಅದರ ಅನುವಾದ, ತಿದ್ದುಪಡಿಗೆ ಅರ್ಜಿ, ಕೋರ್ಟಿನ ಒಪ್ಪಿಗೆ. ಮದುವೆಯ ದಿನ ಒಂದು ನಿಮಿಷದಲ್ಲಿ ಕಳಕೊಂಡದ್ದನ್ನು ವಾಪಸು ಪಡೆಯಲು ಎಂಟು ತಿಂಗಳು. ಗದಗಿನಿಂದ ಫೋನು ಮಾಡಿದ ಅಮ್ಮ ಬೈದಳು. “ಯಾರದೋ ಹೆಸರಿಗೆ ನೀ ಯಾಕ ಕಚೇರಿ ಅಲಿಯಾಕತ್ತಿ? ನಿನ್ನ ಹೆಸರರೆ ನೆಟ್ಟಗ ಮಾಡ್ಕೊಂಡಿಯೇನು?” ಸಿಗ್ನಲ್ ಸರಿಯಿಲ್ಲ ಎಂದೆ.

ಸ್ಪೇನಿನ ಹಳ್ಳಿಯ ಪಂಚಾಯತಿಗೆ ಬರೆದ ಎರಡು ಪತ್ರಕ್ಕೆ ಉತ್ತರವಿಲ್ಲ. ಆ ಚಳಿಗಾಲದಲ್ಲಿ ರೆಮೇದಿಯೋಸ್ ನ್ಯುಮೋನಿಯಾ ಹತ್ತಿ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿ ಮಲಗಿದರು. ಮಂಚದ ಕಾಲಿಗೆ ತೂಗುಹಾಕಿದ ಚೀಟಿಯಲ್ಲಿ ಹಿಂಟರ್‌ಹೂಬರ್. ನರ್ಸು ಹಾಗೆ ಕೂಗಿದರೆ ಜ್ವರದ ಮಂಪರಿನಲ್ಲಿದ್ದ ಮುದುಕಿ ಓಗೊಡುತ್ತಿರಲಿಲ್ಲ. “ಇವರಿಗೆ ಕಿವಿ ಮಂದವೇ?” ಎಂದು ನನ್ನನ್ನು ಕೇಳಿದಳು. ನಾನು ಬಗ್ಗಿ, “ಸೆನ್ಯೋರಾ ಬಾಲ್ದೆಗ್ರಾಖೋಸ್,” ಎಂದೆ. ಕಣ್ಣು ತೆರೆದರು. ಜ್ವರ ತಲೆಗೇರಿದಾಗ ಮನುಷ್ಯ ಐವತ್ತಾರು ವರ್ಷವನ್ನು ಎಷ್ಟು ಸಲೀಸಾಗಿ ದಾಟಿಬಿಡುತ್ತಾನೆ! ನನಗೆ ಹೆದರಿಕೆಯಾಯಿತು. ಇವರು ಹೀಗೇ ಹೋಗಿಬಿಟ್ಟರೆ ಆ ಕಲ್ಲುಕುಟಿಗ ತನ್ನ ನಕ್ಷೆಯಂತೆಯೇ ಕೆತ್ತುತ್ತಾನೆ.

ಆ ಮಧ್ಯಾಹ್ನವೇ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಹಳ್ಳಿಗೆ ಫೋನು ಮಾಡಿದೆ. ನನಗೆ ಬರುವ ಸ್ಪ್ಯಾನಿಷ್ ಎಂದರೆ ರೆಮೇದಿಯೋಸ್ ಕಲಿಸಿದ ನಾಲ್ಕು ಬೈಗುಳ, ಎರಡು ಅಡಿಗೆಯ ಹೆಸರು. ಎತ್ತಿಕೊಂಡ ಹೆಂಗಸಿಗೆ ಬೇರೇನೂ ಹೇಳಲಾಗದೆ ಆ ಹೆಸರನ್ನೇ ಮೂರು ಸಲ ಹೇಳಿದೆ. ನಿಧಾನವಾದ ಇಂಗ್ಲಿಷಿನಲ್ಲಿ ಆಕೆ ಕೇಳಿದಳು: “ಆ ಹೆಸರಿನವರು ಇನ್ನೂ ಇದ್ದಾರೆಯೇ?”

“ಇದ್ದಾರೆ. ಬೇಗ ಕಳಿಸಿ,” ಎಂದೆ.

ಹತ್ತು ದಿನಕ್ಕೆ ಜನನಪತ್ರ ಬಂತು. ರೆಮೇದಿಯೋಸ್ ಮನೆಗೆ ಬಂದರು, ಕಾಗದಗಳು ಕೋರ್ಟಿಗೆ ಹೋದವು. ಮೇ ತಿಂಗಳಲ್ಲಿ ಅದೇ ನಯವಾದ ಯುವಕ ನಮ್ಮನ್ನು ಕೂರಿಸಿ, ತಿದ್ದಿದ ದಾಖಲೆಯನ್ನು ಜರ್ಮನ್ ಓದುವ ರೀತಿಯಲ್ಲೇ ಗಟ್ಟಿಯಾಗಿ ಓದಿದ: “ಫಾಲ್ದೆಗ್ರಾಯೋಸ್.”

ಮುದುಕಿ ಬೆರಳೆತ್ತಿದರು. “ಮೊದಲು ಬಾ. ಕೊನೆಗೆ ಖೋಸ್. ನಿಮ್ಮ ಬಾಖ್, ನಿಮ್ಮ ಬೂಖ್, ಅದೇ ಖ.”

ಅವನು ಇನ್ನೊಮ್ಮೆ ಹೇಳಿದ. ಚೊಕ್ಕಟವಾಗಿ ಬಂತು. ಬಾಖ್ ಎಂದರೆ ಹಳ್ಳ, ಬೂಖ್ ಎಂದರೆ ಪುಸ್ತಕ. ದಿನಕ್ಕೆ ನೂರು ಸಲ ಉಚ್ಚರಿಸುವ ಆ ‘ಖ’ ಈ ದೇಶದ ಪ್ರತಿ ಗಂಟಲಿನಲ್ಲೂ ಸಿದ್ಧವಾಗಿ ಕೂತಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೆ. ನನ್ನ ಸಿಟ್ಟು ಮತ್ತೊಂದು ಸುತ್ತು ಏರಿತು.

ಹೊರಗೆ ಬಂದು ಬೇಕರಿಯತ್ತ ನಡೆಯುವಾಗ, ಎಂಟು ತಿಂಗಳಿಂದ ನಾಲಗೆಯ ಮೇಲಿದ್ದುದನ್ನು ಕೇಳಿಯೇಬಿಟ್ಟೆ. “ಮಕ್ಕಳಿಲ್ಲ. ಅಲ್ಲೂ ಉಳಿದವರು ಎರಡೂವರೆ. ಹೇಗಿದ್ದರೂ ಮುಗಿಯುವ ಹೆಸರಲ್ಲವೇ ಇದು?”

“ಮುಗಿಯಲಿ,” ಅಂದರು. “ಹೆಸರುಗಳೂ ಸಾಯುತ್ತವೆ, ಅದಕ್ಕೇನು. ಆದರೆ ನನ್ನದು ನನ್ನ ಜೊತೆ ಸಾಯಬೇಕು. ಯಾರೋ ಗುಮಾಸ್ತನಿಗೆ ಉದ್ದವಾಯಿತು ಅಂತ ನನಗಿಂತ ಮೊದಲೇ ಸಾಯುವುದೆಂದರೇನು?”

ಬೇಕರಿಯಲ್ಲಿ ಉದ್ದ ಸಾಲು. ರೆಮೇದಿಯೋಸ್ ಶನಿವಾರಕ್ಕೆ ಒಂದು ಆಪಲ್ ಕೇಕು ಕಾದಿರಿಸಲು ಹೇಳಿದರು. ಕೌಂಟರಿನ ಹುಡುಗಿ ಪೆನ್ನು ಹಿಡಿದು, ತಲೆಯೆತ್ತದೆ, ಯಾವ ಹೆಸರಿಗೆ ಎಂದು ಕೇಳಿದಳು. ಮುದುಕಿ ಕೈಚೀಲ ಕೆಳಗಿಟ್ಟು, ಎರಡೂ ಕೈ ಕೌಂಟರಿನ ಮೇಲೂರಿ, ಒಂದೊಂದೇ ಅಕ್ಷರ ಬಿಡಿಸಿ ಹೇಳತೊಡಗಿದರು. ಅರ್ಧ ದಾರಿಯಲ್ಲಿ ಹುಡುಗಿ ತಪ್ಪಿದಳು. ಅವರು ಮತ್ತೆ ಮೊದಲಿನಿಂದ ಶುರು ಮಾಡಿದರು. ಹಿಂದೆ ನಿಂತ ಗಂಡಸೊಬ್ಬ ಗಡಿಯಾರ ನೋಡಿಕೊಂಡು, ಎಲ್ಲರಿಗೂ ಕೇಳುವಂತೆ ನಿಟ್ಟುಸಿರಿಟ್ಟ. ಜರ್ಮನ್‌ನಲ್ಲಿ ಅವನಿಗೆ ಹೇಳಬೇಕಾದ ಮಾತು ನನ್ನ ಬಾಯಿಗೆ, ಅದರ ಡೆರ್ ಡಾಸ್ ಸಮೇತ, ಸರಿಯಾಗಿ ಬಂತು. ಆದರೆ ಆಡಬೇಕೆನಿಸಲಿಲ್ಲ. ಅವನು ಕಾಯಲಿ ಬಿಡಿ. ಇನ್ನೂ ಐದು ಅಕ್ಷರ ಬಾಕಿ ಇದ್ದವು.