ಎದ್ದು ನಿಂತ ಪಿಟೀಲು

ಸಂಗೀತಕ್ಕೆ ಗಡಿಯಿಲ್ಲವೆಂದು ಬಲ್ಲವರು ಹೇಳುತ್ತಾರೆ. ಓಬಳಾಪುರದ ಗಡಿಯಲ್ಲಿ ಅದಿರಿನ ಲಾರಿಗಿರುವಂಥ ಒಂದು ಚೆಕ್‌ಪೋಸ್ಟು ಅದಕ್ಕೂ ಇದ್ದಿದ್ದರೆ ನನ್ನ ಸಂಸಾರದ ನೆಮ್ಮದಿ ಉಳಿಯುತ್ತಿತ್ತು.

ರಾಯದುರ್ಗದಲ್ಲಿ ಪಿಟೀಲು ಎಂದರೆ ನಾವಿಬ್ಬರೇ. ನಿವೃತ್ತ ಹೈಸ್ಕೂಲು ಮೇಷ್ಟ್ರಾದ ನಾನು. ಜೀನ್ಸ್ ಹೊಲಿಯುವವರಿಗೆ ಗುಂಡಿ, ದಾರ, ಜಿಪ್ಪು ಮಾರುತ್ತಿದ್ದ ಪಂಪಾಪತಿ. ಒಬ್ಬರೇ ಗುರುಗಳ ಶಿಷ್ಯರು. ನನಗೆ ಶಾಸ್ತ್ರ ಒಲಿದಿತ್ತು. ಅವನಿಗೆ ಜನ ಒಲಿದಿದ್ದರು.

ಒಂದು ದಿನ ಅಂಗಡಿಗೆ ಕರೆದು ಮೊಬೈಲು ಹಿಡಿದ. ಯುರೋಪಿನ ಯಾವುದೋ ಹೋಟೆಲು. ರೋಮಾ ಎಂಬ ಅಲೆಮಾರಿ ಜನಾಂಗದ ಮುದುಕನೊಬ್ಬ ಗದ್ದಕ್ಕೆ ಪಿಟೀಲು ಒತ್ತಿಕೊಂಡು, ಮೇಜಿಂದ ಮೇಜಿಗೆ ನಡೆಯುತ್ತ, ಉಣ್ಣುವವರ ಕಿವಿಯ ಬಳಿಯೇ ನುಡಿಸುತ್ತಿದ್ದ. ಸ್ವರಗಳು ಸಾಕ್ಷಾತ್ ನಮ್ಮ ಸಿಂಹೇಂದ್ರಮಧ್ಯಮ ರಾಗದವು.

"ನೋಡ್ರಿ ಮೇಷ್ಟ್ರೇ, ಇವ್ರ ಹಿರೇರು ನಮ್ ದೇಶದಿಂದನ ಹೋದವ್ರಂತ. ಅಲ್ಲಿ ದೊಡ್ ದೊಡ್ ವಿದ್ವಾಂಸರು ಇವ್ರ ಧಾಟಿ ಕೇಳಿ ತಮ್ಮ ಶಾಸ್ತ್ರೀಯ ಸಂಗೀತಕ್ಕ ಹಾಕ್ಕೊಂಡಾರ. ನಾನೂ ಹಾಕ್ಕೊಂತೀನಿ. ಮನಿಮಗಳು ತವರಿಗೆ ಬಂದಂಗ, ಅಷ್ಟ."

"ಬಂದಾಕಿ ಕುಂತು ಮಾತಾಡ್ಲಿ. ಓಡ್ಯಾಡೋದು ಬ್ಯಾಡ," ಎಂದೆ.

ಅಂದಿನಿಂದ ಅವನ ಸಿಂಹೇಂದ್ರಮಧ್ಯಮಕ್ಕೆ ಹೊಸ ಚಾಳಿ ಹತ್ತಿತು. ಮೇಲಿನ ಷಡ್ಜದಿಂದ ನಿಟ್ಟುಸಿರಿನಂತೆ ಜಾರಿ, ಪಂಚಮದ ಹೊಸ್ತಿಲಲ್ಲಿ ತಡೆದು ನಿಲ್ಲುವುದು. ಬಾಗಿಲು ಹಾಕಿಕೊಂಡು ನಾನೂ ಯತ್ನಿಸಿದೆ. ಜಾರಿದೆ; ನಿಲ್ಲಲಾಗಲಿಲ್ಲ.

ಮಡಕಶಿರಾದ ಸಂಗೀತ ಸಭೆಯವರು ವರ್ಷಕ್ಕೊಮ್ಮೆ ಕರೆಯುತ್ತಿದ್ದುದು ಅವನನ್ನೇ. ಆ ವರ್ಷ ನಾನೂ, ನನ್ನ ಹೆಂಡತಿ ಗಿರಿಜೆಯೂ ಕೇಳಲು ಹೋಗಿದ್ದೆವು. ಮುಂದಿನ ಸಾಲಿನಲ್ಲಿ ಕುಳಿತು ತಾಳ ಹಾಕುವುದು ಅವಳ ವ್ರತ. ಹಾಕಲು ಕಲಿಸಿದವನು ನಾನು. ಕೀರ್ತನೆಯ ನಡುವೆ ಪಂಪಾಪತಿ, ಪಾದದ ಮೇಲೆ ಊರಿದ್ದ ಪಿಟೀಲನ್ನು ಗದ್ದಕ್ಕೇರಿಸಿ ಎದ್ದೇಬಿಟ್ಟ. ನಮ್ಮ ಸಂಪ್ರದಾಯದಲ್ಲಿ ಕಛೇರಿಯ ನಡುವೆ ಏಳುವುದು ಬೆಂಕಿ ಬಿದ್ದರೆ ಮಾತ್ರ. ಅವನು ವೇದಿಕೆಯಿಂದಿಳಿದು ಬಂದು ಗಿರಿಜೆಯ ಕಿವಿಯ ಬಳಿ ಆ ನಿಟ್ಟುಸಿರು ಬಿಟ್ಟ. ತೊಡೆ ತಟ್ಟುತ್ತಿದ್ದ ಅವಳ ಕೈ ಗಾಳಿಯಲ್ಲೇ ನಿಂತಿತು. ಕಣ್ಣು ತುಂಬಿತ್ತು.

ಹಿಂದೆ ಕುಳಿತವರೊಬ್ಬರು, "ಅದೇನ್ ನುಡುಸ್ತಾನಪ್ಪ ಆವಯ್ಯ!" ಎಂದರು. ಅದನ್ನು ಕ್ಷಮಿಸಬಹುದು.

ಬಸ್ಸಿನಲ್ಲಿ ಕೇಳಿದೆ: "ಕೈ ಯಾಕ ನಿಂತು?"

"ನಿಂತಿತ್ತೇನ್ರಿ? ನಂಗ ಗೊತ್ತಾಗ್ಲಿಲ್ಲ."

ನನ್ನ ಪಿಟೀಲಿಗೆ ಅವಳು ಒಮ್ಮೆಯೂ ತಾಳ ತಪ್ಪಿದವಳಲ್ಲ. ಅಲ್ಲಿಯವರೆಗೆ ಅದನ್ನು ಹೊಗಳಿಕೆಯೆಂದೇ ತಿಳಿದಿದ್ದೆ.

ಪಂಪಾಪತಿಯನ್ನು ಕಡೆಯ ಸಲ ನೋಡಿದ್ದು ಅವನು ಹಾಸಿಗೆ ಹಿಡಿದಿದ್ದಾಗ. ದನಿ ಇಳಿದಿತ್ತು, ನಾಲಿಗೆ ಇಳಿದಿರಲಿಲ್ಲ. "ಈ ಸಲ ಮಡಕಶಿರಾದಾಗ ನೀವ ನುಡಸ್ರಿ, ನಾ ಹೇಳಿ ಕಳಿಸೀನಿ. ಆದ್ರ ಒಮ್ಮೆರ ಎದ್ದು ನಿಂದರ್ರಿ ಮಾರಾಯ್ರ. ಕುಂತು ಕುಂತು ನಿಮ್ ರಾಗಕ್ಕ ಜೋಮು ಹಿಡದೈತಿ."

ಅವನು ಹೋದ ಮೇಲೆ ಸಭೆಯವರು ನಿಜಕ್ಕೂ ನನ್ನನ್ನು ಕರೆದರು. ಸಿಂಹೇಂದ್ರಮಧ್ಯಮವನ್ನೇ ಎತ್ತಿಕೊಂಡೆ. ಕೀರ್ತನೆಯ ನಡುವೆ ಮೊಣಕಾಲು ಹಿಡಿದುಕೊಂಡು ಎದ್ದೆ, ಮೆಟ್ಟಿಲಿಳಿದೆ, ಗಿರಿಜೆಯ ಕಿವಿಯ ಬಳಿ ಬಾಗಿ ನುಡಿಸಿದೆ.

ಅವಳ ತಾಳ ಕಡೆಯವರೆಗೂ ತಪ್ಪಲಿಲ್ಲ.